ಬಾಲ್ಕನಿಯ ತಿಪ್ಪೆ

ಇವತ್ತು ಬೆಳಿಗ್ಗೆ ಬಾಲ್ಕನಿಯ ಬಕೆಟ್ಟಿಗೆ ಕೈ ಹಾಕಿದೆ. ಬಿಸಿ! ಪುಣೆಯ ಕಾತ್ರಜದಲ್ಲಿ ಡಿಸೆಂಬರು, ಘಾಟಿನಿಂದ ಇಳಿಯುವ ಗಾಳಿಗೆ ಹಲ್ಲು ಕಟಕಟ ಅನ್ನುವ ಹೊತ್ತು. ಬಕೆಟ್ಟಿನೊಳಗೆ ಮಾತ್ರ ಎಮ್ಮೆ ಮಲಗಿ ಎದ್ದುಹೋದ ಜಾಗದ ಬೆಚ್ಚನೆ. ನಾಲ್ವರು ವಿದ್ಯಾರ್ಥಿಗಳ ಈರುಳ್ಳಿ ಸಿಪ್ಪೆ, ಚಹಾ ಚರಟ, ಮೆಸ್ಸಿನ ಡಬ್ಬಿಯಲ್ಲಿ ಉಳಿದ ಚಪಾತಿ ಕೊನೆಗೂ ಒಮ್ಮತಕ್ಕೆ ಬಂದಿದ್ದವು.

ಕಾಂಪೋಸ್ಟ್ ಅನ್ನಲು ನನಗೆ ಬಾಯಿ ಬರುವುದಿಲ್ಲ. ವಿಜಯಪುರದ ಕಡೆಯ ನಮಗೆ ಅದು ತಿಪ್ಪಿ. ಹಸಿ ಕಸಕ್ಕೆ ಎರಡು ಪಾಲು ಒಣ ಎಲೆ, ನಾತ ಬಂದರೆ ನೀರು ಹೆಚ್ಚು, ಇರುವೆ ಬಂದರೆ ಕಡಿಮೆ. ಇದೆಲ್ಲ ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಮಜ್ಜಿಗೆಯ ಮರ್ಮ. ಕಸಕ್ಕೆ ಹೆಪ್ಪೆಂದು ಹುಳಿ ಮಜ್ಜಿಗೆಯನ್ನು ಎಲ್ಲರೂ ಹಾಕುತ್ತಾರೆ, ಆದರೆ ಹಸಿ ಕಸದ ಮೇಲೆ ಸುರಿಯುತ್ತಾರೆ. ಹಸಿಯ ಮೇಲೆ ಹಸಿ ಬಿದ್ದರೆ ಸಂದಿಗೊಂದಿ ತುಂಬಿ ಉಸಿರು ಕಟ್ಟುತ್ತದೆ. ಗಾಳಿ ಬೇಡದ ಸೂಕ್ಷ್ಮಜೀವಿಗಳ ಕೈ ಮೇಲಾಗಿ ಕೊಳೆತ ಮೊಟ್ಟೆಯ ನಾತ ಏಳುತ್ತದೆ. ಮಜ್ಜಿಗೆಯನ್ನು ಒಣ ಎಲೆಗೆ ಕುಡಿಸಬೇಕು. ಮಳೆಮರದ ಎಲೆ ಉತ್ತಮ, ಸಣ್ಣದು, ಬೇಗ ಹೀರುತ್ತದೆ. ಆಲದೆಲೆಯಾದರೆ ಮುರಿದು ಹಾಕಿ. ಒಂದು ಲೋಟ ಮಜ್ಜಿಗೆಗೆ ಎರಡು ಲೋಟ ನೀರು. ರಾತ್ರಿಯಿಡೀ ನೆನೆದ ಎಲೆಯನ್ನು ಬೆಳಿಗ್ಗೆ ಹಿಂಡಿದರೆ ಒಂದೇ ಹನಿ ತೊಟ್ಟಿಕ್ಕಬೇಕು. ಎರಡು ಬಿದ್ದರೆ ಇನ್ನೊಂದು ಹಿಡಿ ಎಲೆ.

ದುಡ್ಡು ಕೊಟ್ಟು ಕಲ್ಚರ್ ಪುಡಿ ತರಿಸುವವರನ್ನು ಕ್ಷಮಿಸಬಲ್ಲೆ. ದಿನಕ್ಕೆರಡು ಸಲ ಕೆದಕುವವರನ್ನು ಮಾತ್ರ ಆಗದು. ಅವರಿಗೆ ಬೇಕಾದ್ದು ಗೊಬ್ಬರವಲ್ಲ, ಸುದ್ದಿ. ಇಷ್ಟು ಸಣ್ಣ ಬಕೆಟ್ಟಿನಲ್ಲಿ ಹುಟ್ಟುವ ಕಾವೇ ಒಂದು ಹಿಡಿ. ಅದನ್ನೂ ಗಾಳಿಗೆ ಚೆಲ್ಲಿ, ‘ಯಾಕೋ ಆಗ್ತಾನೇ ಇಲ್ಲ’ ಎಂದು ನನ್ನ ಬಾಗಿಲು ತಟ್ಟುತ್ತಾರೆ.

ಪರಿಸರದ ಪಾಠಕ್ಕೇನೂ ಇಲ್ಲಿ ಬರವಿಲ್ಲ. ಪದವಿ ತರಗತಿಗಳಿಗೆಂದು ಯುಜಿಸಿಗೆ ಪರಿಸರ ಪಠ್ಯ ಬರೆದುಕೊಟ್ಟ ಎರಾಚ್ ಭರೂಚಾ ಕಟ್ಟಿ ಬೆಳೆಸಿದ ಪರಿಸರ ಶಿಕ್ಷಣ ಸಂಸ್ಥೆ ನಮ್ಮ ನೆರೆಯ ಭಾರತಿ ವಿದ್ಯಾಪೀಠದಲ್ಲೇ ಇದೆ, 1993ರಿಂದ. ಪರಿಸರದ ಪರೀಕ್ಷೆಯಲ್ಲಿ ನನ್ನ ಕೋಣೆಯ ಗೆಳೆಯನಿಗೆ ನನಗಿಂತ ಹೆಚ್ಚು ಅಂಕ. ಮೊನ್ನೆ ಅವನು ‘ಹಸಿರು ಕಿಟ್’ ತರಿಸಿದ. ಬಿದಿರಿನ ಬ್ರಷ್ಷು, ಸ್ಟೀಲಿನ ಸ್ಟ್ರಾ. ಡಬ್ಬಿಯೊಳಗೆ ಡಬ್ಬಿ, ಅದರ ಸುತ್ತ ಗುಳ್ಳೆ ಪ್ಲಾಸ್ಟಿಕ್ಕು. ಮಜ್ಜಿಗೆ ಕುಡಿಯಲು ತುಟಿ ಸಾಲದೇನೋ? ಕೇಳಿದ್ದಕ್ಕೆ ಮೂರು ದಿನ ಮಾತು ಬಿಟ್ಟ. ಬಿಡಲಿ. ಇಂಥದ್ದಕ್ಕೆ ನಮ್ಮಲ್ಲಿ ಮೊದಲಿನಿಂದ ಒಂದು ಮಾತಿದೆ: ತಿಪ್ಪೆ ಸಾರಿಸುವುದು. ಆ ಮಾತು ಕಟ್ಟಿದವರು ಖಂಡಿತ ಗೊಬ್ಬರ ಮಾಡಿದವರೇ. ಸಾರಿಸಿದ ತಿಪ್ಪೆ ನೋಡಲು ಚೆಂದ, ಆದರೆ ಅದಕ್ಕೆ ಉಸಿರಾಡಲಾಗದು.

ಉಸಿರು ಅಂದಾಗ ನೆನಪಾಯಿತು. ಹದಿನೆಂಟನೆಯ ಶತಮಾನದಲ್ಲಿ ನಾನಾಸಾಹೇಬ ಪೇಶ್ವೆ ಕಾತ್ರಜದ ಕೆರೆಯಿಂದ ಪೇಶ್ವೆಗಳ ಅರಮನೆ ಶನಿವಾರವಾಡೆಯವರೆಗೆ ನೆಲದಡಿಯ ಕಾಲುವೆಯಲ್ಲಿ ನೀರು ಒಯ್ದ. ಪಂಪಿಲ್ಲ, ಬರೀ ಇಳಿಜಾರು. ಆ ಕಾಲುವೆಗೆ ನಡುನಡುವೆ ಗಾಳಿಗಂಡಿಗಳಿದ್ದವು. ಮರಾಠಿಯಲ್ಲಿ ಅವುಗಳ ಹೆಸರು ‘ಉಚ್ಛ್ವಾಸ’. ಎಂಥ ಹೆಸರು! ನನ್ನ ಬಕೆಟ್ಟಿಗೆ ಕಾಯಿಸಿದ ಮೊಳೆಯಿಂದ ಕೊರೆದ ಹದಿನಾಲ್ಕು ತೂತುಗಳನ್ನೂ ಈಗ ಹಾಗೇ ಕರೆಯುತ್ತೇನೆ.

ಪ್ಲಾಸ್ಟಿಕ್ಕಿನ ಮಾತಿಗೆ ಬಂದರೆ ನಾನೇನು ಸಾಚಾ ಅಲ್ಲ. ನನ್ನ ಮಜ್ಜಿಗೆ ಬರುವುದೂ ಪ್ಲಾಸ್ಟಿಕ್ ಪ್ಯಾಕೆಟ್ಟಿನಲ್ಲೇ. ನಮ್ಮ ಓಣಿಯಲ್ಲಿ ‘ಓಲಾ, ಸುಕಾ’ (ಹಸಿ, ಒಣ) ಎಂದು ಕಸ ಬೇರೆ ಮಾಡಿಸಿಕೊಳ್ಳುವ ಮಾವಶಿ ಒಮ್ಮೆ ಪ್ಯಾಕೆಟ್ಟಿನ ತುಂಡು ಮೂಲೆಯನ್ನು ಉಗುರಿನ ಮೇಲಿಟ್ಟು ತೋರಿಸಿದಳು: ಇದನ್ನು ಹೇಗೆ ಆಯಲಿ? ಪುಣೆಯ ಕಸ ಆಯುವವರು 1993ರಲ್ಲಿ ಸಂಘಟನೆ ಕಟ್ಟಿ, ಆಮೇಲೆ ‘ಸ್ವಚ್ಛ್’ ಸಹಕಾರಿಯಾದರು. ಮನೆಮನೆಯಿಂದ ಒಯ್ದ ಒಣ ಕಸ ಮಾರಿದ ದುಡ್ಡು ಅವರ ಸಂಪಾದನೆಯ ಭಾಗ. ಆ ಚೂರು ಮಾತ್ರ ಯಾರ ಚೀಲಕ್ಕೂ ಸೇರುವುದಿಲ್ಲ.

ಕಿಟ್ ಆಮೇಲೆ ಕೊಳ್ಳಿ. ನಾಳೆ ಬೆಳಿಗ್ಗೆ ಹಾಲಿನ ಪ್ಯಾಕೆಟ್ಟಿನ ಮೂಲೆಯನ್ನು ಪೂರ್ತಿ ಕತ್ತರಿಸಬೇಡಿ. ಅರ್ಧ ಸೀಳಿ, ಅಂಟಿಕೊಂಡೇ ಇರಲಿ.