‘ಮೇಡ್ ಇನ್ ಇಟಲಿ’ ಅಳಿಸಿದ ಶನಿವಾರ

ಮೊನ್ನೆ ಶನಿವಾರ ಇಡೀ ದಿನ ಒಂದು ಬಂದೂಕಿನ ನಳಿಗೆಗೆ ಅರ ಉಜ್ಜುತ್ತಾ ಕೂತಿದ್ದೆ. (ನಮ್ಮ ಕಡೆ ಅದಕ್ಕೆ ಕಾನಸ ಅಂತಾರೆ.) ಹೆದರಬೇಡಿ, ಬಂದೂಕು ನನ್ನದಲ್ಲ. ಇಲ್ಲಿ ಪೆನ್ಸಿಲ್ವೇನಿಯಾದಲ್ಲಿ ನನ್ನ ಜೊತೆ ಕೆಲಸ ಮಾಡೋ ಹಿರಿಯರೊಬ್ಬರದ್ದು. ವಾರವೆಲ್ಲಾ ಡೇಟಾಬೇಸ್ ನೋಡಿಕೊಳ್ಳೋ ಈ ಮನುಷ್ಯ ರಜೆ ಬಂತೆಂದರೆ ಉಣ್ಣೆಯ ನೀಲಿ ಕೋಟು ಹಾಕ್ಕೊಂಡು 1863ರ ಗೆಟಿಸ್‌ಬರ್ಗ್ ಯುದ್ಧದ ಸಿಪಾಯಿ ಆಗಿಬಿಡ್ತಾರೆ. ಜುಲೈ ಬಿಸಿಲಲ್ಲಿ ಉಣ್ಣೆ!

ಬಂದೂಕು 1853ರ ಎನ್‌ಫೀಲ್ಡ್‌ನ ನಕಲು. ಅಸಲಿ ಬ್ರಿಟಿಷರದ್ದು, ಅಮೆರಿಕದ ಅಂತರ್ಯುದ್ಧದಲ್ಲಿ ಎರಡೂ ಪಕ್ಷದವರು ಲಕ್ಷಗಟ್ಟಲೆ ತರಿಸಿಕೊಂಡಿದ್ದರು. ನಕಲು ನೋಡೋಕೆ ಥೇಟ್ ಹಾಗೇ... 39 ಇಂಚಿನ ನಳಿಗೆ, ಮೂರು ಪಟ್ಟಿ. ಆದರೆ ನಳಿಗೆ ಮೇಲೆ ಎದ್ದು ಕಾಣೋ ಹಾಗೆ ಕಂಪನಿ ಹೆಸರು, ‘ಮೇಡ್ ಇನ್ ಇಟಲಿ’, ‘ಬ್ಲ್ಯಾಕ್ ಪೌಡರ್ ಓನ್ಲಿ’. ದೊಡ್ಡಾಟದಲ್ಲಿ ಅರ್ಜುನ ಕೈಗಡಿಯಾರ ಕಟ್ಕೊಂಡು ಬಂದ ಹಾಗೆ. ಇಂಥದಕ್ಕೆ ಅವರ ಬಳಗದಲ್ಲಿ ‘ಫಾರ್ಬ್’ ಅಂತ ಬೈಗುಳ. ಅದನ್ನ ತೆಗೆಯೋದು ‘ಡಿಫಾರ್ಬ್’.

ಮೊದಲು ಗಜ ಇಳಿಬಿಟ್ಟು ಒಳಗೆ ಮದ್ದಿಲ್ಲ ಅಂತ ಖಾತ್ರಿ ಮಾಡ್ಕೊಂಡ್ವಿ. ಲಾಕು, ಪಟ್ಟಿ, ಹಿಂದಿನ ಸ್ಕ್ರೂ ಬಿಚ್ಚಿದರೆ ನಳಿಗೆ ಹೊರಗೆ. ಅರವನ್ನ ಅಡ್ಡ ಹಿಡಿದು ಎರಡೂ ಕೈಯಿಂದ ಉದ್ದಕ್ಕೂ ಎಳೀಬೇಕು. ಅಕ್ಷರ ಇರೋ ಕಡೆ ಮಾತ್ರ ಉಜ್ಜಿದರೆ ಅಲ್ಲೇ ತಗ್ಗು ಬಿದ್ದು ಬೆಳಕಿಗೆ ಹಿಡಿದ ಕೂಡಲೇ ಕಳ್ಳತನ ಗೊತ್ತಾಗುತ್ತೆ. ಆಮೇಲೆ 220, 320, 400 ನಂಬರಿನ ಎಮರಿ ಕಾಗದ. ಅಕ್ಷರ ತೀರಾ ಆಳವಿದ್ದರೆ ಬಿಟ್ಟುಬಿಡಬೇಕು. ಮದ್ದು ಸಿಡಿಯೋ ಜಾಗದಲ್ಲಿ ಲೋಹ ತೆಳುವಾದರೆ ಹುಡುಗಾಟವಲ್ಲ. ಸೀರಿಯಲ್ ನಂಬರ್, ಗಾರ್ಡೋನೆಯ ಪರೀಕ್ಷಾಲಯದ ಮುದ್ರೆ ಎರಡನ್ನೂ ಅವರು ಮುಟ್ಟಲಿಲ್ಲ.

ಉಜ್ಜುತ್ತಾ ಅವರಿಗೆ ಹಲಗಲಿ ಕಥೆ ಹೇಳಿದೆ. ಇದೇ ಎನ್‌ಫೀಲ್ಡ್‌ನ ತೋಟಾಕ್ಕೆ ಸವರಿದ ಕೊಬ್ಬಿನ ಮಾತು ಉತ್ತರದಲ್ಲಿ ದಂಗೆ ಎಬ್ಬಿಸಿದ 1857ರಲ್ಲೇ, ನಮ್ಮ ಮುಧೋಳದ ಮಗ್ಗುಲಲ್ಲಿ ಆಯುಧ ಒಪ್ಪಿಸಲ್ಲ ಅಂದ ಬೇಡರನ್ನ ಗಲ್ಲಿಗೇರಿಸಿದ್ದು. ಮನುಷ್ಯ ಅರ ಕೆಳಗಿಟ್ಟು ಕೇಳಿದರು.

ಕಂಪನಿ ಹೆಸರು ಹೋಯ್ತು. ಇಟಲಿಯೂ ಹೋಯ್ತು. ಅದನ್ನ ಮಾತ್ರ ಮರದೊಳಗೆ ಅಡಗೋ ತಳಭಾಗದಲ್ಲಿ ಕೊರೆಯೋ ಪೆನ್ನಿನಿಂದ ಮತ್ತೆ ಬರೆದಿಟ್ಟರು, ನಾಳೆ ಯಾರೂ ಅಸಲಿ ಅಂತ ಮಾರಬಾರದು ಅಂತ. ಉಳಿದದ್ದು ‘ಬ್ಲ್ಯಾಕ್ ಪೌಡರ್ ಓನ್ಲಿ’. ಅಲ್ಲಿ ನನ್ನ ಕೈ ನಿಂತಿತು. ಈಗಿನ ಹೊಗೆಯಿಲ್ಲದ ಮದ್ದಿನ ಒತ್ತಡ ಈ ನಳಿಗೆ ತಡೆಯಲ್ಲ, ಮುಖದ ಮುಂದೆಯೇ ಸೀಳಿಹೋಗಬಹುದು.

“ನಿಮಗೆ ಗೊತ್ತು. ನಿಮ್ಮ ಮೊಮ್ಮಗನಿಗೆ?” ಅಂದೆ.

“ಇದನ್ನೂ ತಳದಲ್ಲಿ ಬರೆದರಾಯ್ತು.”

“ಮದ್ದು ತುಂಬೋನು ನಳಿಗೆ ಬಿಚ್ಚಿ ನೋಡ್ತಾನಾ?”

ಅವರಿಗೆ ಸಿಟ್ಟು ಬಂದಿತ್ತು ಅನ್ಸುತ್ತೆ. ವರ್ಷಗಟ್ಟಲೆ ಈ ಒಂದು ಸಾಲಿಗೆ ಗೆಳೆಯರ ಹತ್ರ ನಗೆಪಾಟಲಾದವರು. ಬೇರೆಯವರು ಕೋಡಿನಲ್ಲಿ ಬರೆದಿಟ್ಟ ಎಚ್ಚರಿಕೆಯ ಕಾಮೆಂಟನ್ನ ‘ಚೆನ್ನಾಗಿ ಕಾಣಲ್ಲ’ ಅಂತ ಅಳಿಸಿ, ಆಮೇಲೆ ರಾತ್ರಿಯಿಡೀ ಒದ್ದಾಡಿದವನು ನಾನು, ಬಿಟ್ಟುಕೊಡಲಿಲ್ಲ. ಅಷ್ಟಕ್ಕೇ ಎಣ್ಣೆ ಸವರಿ, ಬಟ್ಟೆ ಸುತ್ತಿ ಇಟ್ಟರು. ಊಟಕ್ಕೆ ಇರು ಅನ್ನಲಿಲ್ಲ.

ಸೋಮವಾರ ಕಾಫಿ ಹಿಡಿದು ನನ್ನ ಮೇಜಿನ ಹತ್ರ ಬಂದರು. “ಆ ಸಾಲು ಇರಲಿ ಬಿಡು. ಹತ್ತು ಹೆಜ್ಜೆ ದೂರದಿಂದ ಯಾರಿಗೂ ಕಾಣಲ್ಲ.”

ಅಂಗೈಯ ಬೊಬ್ಬೆ ಇನ್ನೂ ಮಾಗಿಲ್ಲ, ಕಾಗುಣಿತ ತಪ್ಪಿದ್ದರೆ ಅದಕ್ಕೇ :-)