ಕರಿಕಾನಮ್ಮನ ಮರಗಳು

ಹೊನ್ನಾವರದ ಬಳಿ ಕಡಲನ್ನು ಸೇರುವುದಕ್ಕೆ ಮುನ್ನ ಶರಾವತಿಯು ತನ್ನ ಅವಸರವನ್ನೆಲ್ಲ ಮರೆತು ಅಗಲವಾಗಿ ಹರಡಿಕೊಳ್ಳುತ್ತಾಳೆ. ಜೋಗದಲ್ಲಿ ಎಂಟುನೂರಕ್ಕೂ ಹೆಚ್ಚು ಅಡಿ ಧುಮುಕಿ ಬಂದ ನದಿ ಇದೇ ಎಂದರೆ ನಂಬುವುದು ಕಷ್ಟ. ಆ ನೀರಿನ ನಡುವೆ ತೆಂಗಿನ ತೋಟಗಳನ್ನು ಹೊತ್ತು ನಿಂತಿರುವ ನೆಲವೇ ಮಾವಿನಕುರ್ವೆ. ಕುರುವವೆಂದರೆ ಹೊಳೆಯ ನಡುವಣ ದಿಬ್ಬ. ಬೇರೆಡೆ ನಿಘಂಟಿನ ಪಾಲಾಗಿರುವ ಈ ಹಳೆಯ ಮಾತು ಇಲ್ಲಿಯ ಜನರ ನಾಲಗೆಯ ಮೇಲೆ ಇನ್ನೂ ಬದುಕಿದೆ. ದಂಡೆಯಲ್ಲಿ ನಿಂತು ಕಡಲಿಗೆ ಬೆನ್ನು ಮಾಡಿದರೆ ಘಟ್ಟದ ಸಾಲುಗಳು ಒಂದರ ಹಿಂದೊಂದು ಏರುವುದು ಕಾಣುತ್ತದೆ. ಆ ಕಡೆಯ ಬೆಟ್ಟವೊಂದರ ನೆತ್ತಿಯಲ್ಲಿ ಕರಿಕಾನ ಪರಮೇಶ್ವರಿ ನೆಲೆಸಿದ್ದಾಳೆ. ಜನರು ಅಷ್ಟುದ್ದ ಹೇಳುವುದಿಲ್ಲ. ಅವರಿಗೆ ಅವಳು ಕರಿಕಾನಮ್ಮ.

ಕುರ್ವೆಯಲ್ಲಿ ನನಗೆ ಆತಿಥ್ಯವಿತ್ತ ತೋಟಗಾರರೇ ಜೊತೆಗೆ ಹೊರಟರು. ಎಪ್ಪತ್ತು ದಾಟಿದವರಾದರೂ ಏರುದಾರಿಯಲ್ಲಿ ನನಗಿಂತ ಮುಂದೆ. ಅರೇಅಂಗಡಿಯ ಕಡೆಯಿಂದ ಬೆಟ್ಟವನ್ನೇರುವ ತನಕ ಕಂಡದ್ದು ಕರಾವಳಿಯ ಪರಿಚಿತ ನೋಟವೇ: ಕೆಂಪು ಮುರಕಲ್ಲಿನ ಬೋಳುಗುಡ್ಡ, ಗೇರುಮರ, ಈಚಿನ ದಶಕಗಳಲ್ಲಿ ನೆಟ್ಟ ಅಕೇಸಿಯಾ ತೋಪು. ಬಿಸಿಲು ತಲೆಯನ್ನು ಸುಡುತ್ತಿತ್ತು. ಆಮೇಲೆ, ಯಾರೋ ಬಾಗಿಲು ಮುಚ್ಚಿದಂತೆ, ಬೆಳಕು ನಿಂತುಹೋಯಿತು. ಕಾಲಡಿಯಲ್ಲಿ ಒದ್ದೆ ತರಗು, ಕುತ್ತಿಗೆಗೆ ತಣ್ಣನೆಯ ಗಾಳಿ. ಇದೇ ಕಾನು. ಮಲೆನಾಡಿಗರು ಎಲ್ಲ ಕಾಡನ್ನೂ ಕಾನೆನ್ನುವುದಿಲ್ಲ. ಎಲೆಯುದುರದ, ನೀರಿನ ಪಸೆಯಾರದ ದಟ್ಟ ಹಳೆಗಾಡಿಗೆ ಮಾತ್ರ ಆ ಹೆಸರು. ಸಿದ್ಧಾಪುರ ಸೀಮೆಯಲ್ಲಿ ಕತ್ತಲೆಕಾನು, ಇಲ್ಲಿ ಕರಿಕಾನು.

ಇಲ್ಲಿಯ ದೊರೆಗಳೆಂದರೆ ಡಿಪ್ಟೆರೊಕಾರ್ಪಸ್ ಇಂಡಿಕಸ್ ಎಂದು ಸಸ್ಯಶಾಸ್ತ್ರಜ್ಞರು ಕರೆಯುವ ಮರಗಳು. ನೂರು ಅಡಿಗೂ ಮೀರಿ ಕಂಬದಂತೆ ನೇರವಾಗಿ ಬೆಳೆದು, ಮೇಲೆ ಹೋಗಿಯೇ ಕೊಂಬೆ ಬಿಚ್ಚುವ ಜಾತಿ. ಪಶ್ಚಿಮಘಟ್ಟದಲ್ಲಲ್ಲದೆ ಬೇರೆಲ್ಲಿಯೂ ಇವು ಸಹಜವಾಗಿ ಬೆಳೆಯವು. ಘಟ್ಟದಲ್ಲಿಯೂ ಇವುಗಳ ಉತ್ತರದ ಗಡಿ ನಮ್ಮ ಉತ್ತರಕನ್ನಡವೇ. ಕುಶಿನಗರದಲ್ಲಿ ಬುದ್ಧನು ಯಾವ ಜೋಡಿ ಸಾಲವೃಕ್ಷಗಳ ನಡುವೆ ಪವಡಿಸಿ ಪರಿನಿರ್ವಾಣವನ್ನು ಪಡೆದನೋ ಆ ಸಾಲವೂ ಇದೇ ಕುಲದ್ದು ಎಂಬುದನ್ನು ನೆನೆದು ನಾನು ಕ್ಷಣಕಾಲ ನಿಂತೆನು. ಜಪಾನಿನ ಫುಕುಯಿ ಪ್ರಾಂತದ ಹಿಮದ ಬೆಟ್ಟಗಳ ನಡುವೆ 1244ರಲ್ಲಿ ಡೋಗೆನ್ ಗುರು ಸ್ಥಾಪಿಸಿದ ಎಹೆಜಿ ಬೌದ್ಧವಿಹಾರದ ಚಿತ್ರಗಳನ್ನು ಕಂಡಿರುವ ವಾಚಕರಿಗೆ, ಅದನ್ನು ಸುತ್ತುವರಿದ ಪುರಾತನ ಸುಗಿ ಮರಗಳು ಜ್ಞಾಪಕವಿರಬಹುದು. ಅಲ್ಲಿ ಹಿಮ, ಇಲ್ಲಿ ಮಳೆಗಾಲದ ಮಂಜು. ದೇವರ ಮುಂದೆ ಮನುಷ್ಯನನ್ನು ಕುಗ್ಗಿಸಿ ನಿಲ್ಲಿಸುವ ಕೆಲಸವನ್ನು ಎರಡೂ ಕಡೆ ಮರಗಳೇ ಮಾಡುತ್ತವೆ.

ಈ ಮರಗಳು ಉಳಿದದ್ದು ಹೇಗೆ? 1801ರಲ್ಲಿ ಈ ಜಿಲ್ಲೆಯನ್ನು ಹಾದುಹೋದ ಫ್ರಾನ್ಸಿಸ್ ಬುಕಾನನ್, ಕಾಡು ಆಯಾ ಊರ ದೇವರ ಸೊತ್ತೆಂದೂ, ದೇವರ ಪೂಜಾರಿಯೂ ಆದ ಗೌಡನ ಅನುಮತಿಯಿಲ್ಲದೆ ಮರ ಕಡಿಯುವಂತಿಲ್ಲವೆಂದೂ ಬರೆದಿಟ್ಟನು. ಸರಕಾರ ಕೈಹಾಕದಿರಲೆಂದು ಜನ ಹೂಡಿದ ಉಪಾಯವಿದು ಎಂಬ ಸಂಶಯವನ್ನೂ ಸೇರಿಸಿದನು. ಉಪಾಯವೇ ಆಗಿದ್ದರೂ ಎಂಥ ಉಪಾಯ! 1862ರಲ್ಲಿ ಜಿಲ್ಲೆ ಮದ್ರಾಸಿನಿಂದ ಮುಂಬಯಿ ಆಧಿಪತ್ಯಕ್ಕೆ ಹೋಯಿತು. 1878ರ ಅರಣ್ಯ ಕಾಯಿದೆ ಬಂದಿತು. ಕಾನಿಗೆ ಕಾನೂನು ಬಂದ ಮೇಲೆ ಗೌಡನ ಮಾತಿಗೆ ಬೆಲೆಯುಳಿಯಲಿಲ್ಲ. ಅನೇಕ ಕಾನುಗಳು ಸವೆದುಹೋದವು. ಕರಿಕಾನಮ್ಮನ ಭಯ ಮಾತ್ರ ಇಲ್ಲಿ ಕೊಡಲಿಯನ್ನು ತಡೆಯಿತು.

ಕೊಡಲಿಗಿಂತ ಈಗ ನನ್ನನ್ನು ಕಾಡುವುದು ಭಕ್ತಿ. ಈ ಮರದ ಕಾಯಿಗೆ ಎರಡು ಉದ್ದ ರೆಕ್ಕೆಗಳಿವೆ. ಗಿರಗಿರನೆ ತಿರುಗುತ್ತ ನೆಲಕ್ಕಿಳಿಯುತ್ತದೆ. ಅದರ ಬೀಜ ಭತ್ತದಂತೆ ಕಾದಿಡುವಂಥದಲ್ಲ. ಬಿದ್ದ ಕೆಲವೇ ದಿನಗಳಲ್ಲಿ ತರಗಿನ ತಂಪಿನಲ್ಲಿ ಮೊಳೆಯಬೇಕು, ಇಲ್ಲವೆ ಒಣಗಿ ಸಾಯಬೇಕು. ದೇವರ ಕಾಡುಗಳಲ್ಲಿ ಪುಟ್ಟ ಗುಡಿಯಿದ್ದೆಡೆ ದೊಡ್ಡದು ಏಳುವುದು, ಮೋಟಾರು ನಿಲ್ಲಲೆಂದು ನೆಲ ತೆರವಾಗುವುದು, ಅಂಗಳಕ್ಕೆ ಸಿಮೆಂಟು ಬೀಳುವುದು ನಮ್ಮ ಕಾಲದ ವಾಡಿಕೆಯಾಗಿದೆ. ಒಂದು ಮರವನ್ನೂ ಕಡಿಯದೆ ಕಾಡನ್ನು ಬಂಜೆಯಾಗಿಸಲು ಇಷ್ಟು ಸಾಕು.

ಪೂಜೆ ಮುಗಿಸಿ ಬಂದು ಬೇರೊಂದರ ಮೇಲೆ ಕುಳಿತಾಗ ಹಿರಿಯರನ್ನು ಕೇಳಿದೆನು:

“ಇಲ್ಲಿ ಮೊದಲು ಬಂದದ್ದು ಗುಡಿಯೋ, ಕಾಡೋ?”

“ಹೆಸರೇ ಹೇಳುವುದಿಲ್ಲವೇ ಮಾಸ್ತರೇ? ಗುಡಿಯಮ್ಮ ಎಂದು ಯಾರಾದರೂ ಕರೆದದ್ದುಂಟೇ? ನಾವು ಸಣ್ಣವರಿದ್ದಾಗ ಇಲ್ಲಿಂದ ಒಣಕಡ್ಡಿಯನ್ನೂ ಮನೆಗೆ ಒಯ್ಯಲು ಹೆದರುತ್ತಿದ್ದೆವು. ಅದು ಅಮ್ಮನದು.”

ಕನ್ನಡ ಎಂ.ಎ. ಮಾಡಿದವನಿಗೆ ಇದಕ್ಕೆ ಮೇಲೆ ವ್ಯಾಖ್ಯಾನ ಹೊಳೆಯಲಿಲ್ಲ.

ಹೊನ್ನಾವರದ ತನಕ ರೈಲೂ ಬಸ್ಸೂ ಇವೆ. ಬೆಟ್ಟದಿಂದ ಕಡಲಿನ ಸೂರ್ಯಾಸ್ತ ಸೊಗಸಾಗಿ ಕಾಣುವುದರಿಂದ ಸಂಜೆಗೆ ಹೋಗುವವರೇ ಹೆಚ್ಚು. ಕಾನನ್ನು ನೋಡಬೇಕಾದರೆ ಬೆಳಿಗ್ಗೆಯೇ ಹೋಗುವುದು ಮೇಲು. ಮಳೆಗಾಲದಲ್ಲಿ ಉಂಬಳಗಳ ಉಪದ್ರವವುಂಟು. ಮಕ್ಕಳು ಜೊತೆಗಿದ್ದರೆ ರೆಕ್ಕೆಯ ಕಾಯಿಗಳನ್ನು ಹಾರಿಸಿ ಆಡಲಿ, ಆದರೆ ಜೇಬಿಗೆ ತುಂಬಿಕೊಂಡು ಬರುವುದು ಬೇಡ. ಪೇಟೆಯ ಮನೆಯಲ್ಲಿ ಅವು ಮೊಳೆಯುವುದಿಲ್ಲ.