ಗಂಜಿ ಒಲ್ಲದ ರೋಗಿ

ನಮ್ಮ ಮನೆಯಲ್ಲಿ ಕೊತ್ತಂಬರಿ ಸೊಪ್ಪಿನ ಕವರ್ ಬಿಚ್ಚುವುದು ಗುಟ್ಟಾಗಿ ಮಾಡುವ ಕೆಲಸವಲ್ಲ. ಕವರ್ ಸರಕ್ಕೆಂದರೆ ಸಾಕು, ಹಾಲಿನ ಮೂಲೆಯ ಪಂಜರದಿಂದ ‘ವೀಕ್, ವೀಕ್’ ಎಂದು ಎರಡು ಗಂಟಲು ಒಟ್ಟಿಗೆ ಏಳುತ್ತವೆ. ಬೋಂಡ ಮತ್ತು ಬಜ್ಜಿ. ಮಗಳ ಹುಟ್ಟುಹಬ್ಬಕ್ಕೆ ಬಂದ ಗಿನಿಯಿಲಿಗಳು. ಹೆಸರಿಟ್ಟವಳು ಅವಳೇ, ಅವತ್ತು ಸಂಜೆ ಮಳೆ ಹೊಯ್ಯುತ್ತಿತ್ತು, ಮನೆಯಲ್ಲಿ ಎಣ್ಣೆ ಕಾಯುತ್ತಿತ್ತು, ಬೇರೆ ಹೆಸರು ಹೊಳೆಯುವ ಹಾಗಿರಲಿಲ್ಲ. ಇವುಗಳ ತವರಾದ ಪೆರುವಿನಲ್ಲಿ ಇವನ್ನು ‘ಕುಯ್’ ಅನ್ನುತ್ತಾರೆ, ಸಾವಿರಾರು ವರ್ಷಗಳಿಂದ ಅಡುಗೆಗೇ ಸಾಕುತ್ತಾರೆ, ಕೆಲವು ಕಡೆ ನಿಜವಾಗಿಯೂ ಎಣ್ಣೆಯಲ್ಲಿ ಕರಿಯುತ್ತಾರೆ ಎಂಬುದು ನನಗೆ ಆಮೇಲೆ ಗೊತ್ತಾಯಿತು. ಮಗಳಿಗೆ ಇನ್ನೂ ಹೇಳಿಲ್ಲ.

ಕಳೆದ ಕಾರ್ತಿಕದ ಒಂದು ಶನಿವಾರ ಸಂಜೆ ಕವರ್ ಸರಕ್ಕೆಂದಿತು, ಒಂದೇ ಗಂಟಲು ಎದ್ದಿತು.

ಬಜ್ಜಿ ಮೂಲೆಯಲ್ಲಿ ತುಪ್ಪಳ ಉಬ್ಬಿಸಿಕೊಂಡು ಕೂತಿದ್ದಳು. ಸೌತೆಕಾಯಿ ಹೋಳು ಹಿಡಿದೆ. ಮೂಸಿದಳು, ಬಾಯಿಗೆ ತೆಗೆದುಕೊಂಡಳು, ಕೆಳಗೆ ಬಿಟ್ಟಳು. ಮತ್ತೆ ಎತ್ತಿಕೊಂಡಳು, ಮತ್ತೆ ಬಿಟ್ಟಳು. ಗದ್ದದ ಕೆಳಗೆಲ್ಲ ಜೊಲ್ಲಿನಿಂದ ಒದ್ದೆ. ಪಂಜರದೊಳಗೆ ಹಾಸಿದ ಬಟ್ಟೆಯ ಮೇಲೆ ದಿನವೂ ಗುಡಿಸಿ ಗುಡಿಸಿ ಸಾಕಾಗುವಷ್ಟು ಹಿಕ್ಕೆ ಬಿದ್ದಿರುತ್ತಿತ್ತು. ಅವತ್ತು ಅವಳ ಕಡೆ ನಾಲ್ಕೋ ಐದೋ, ಅವೂ ಜೀರಿಗೆಯಷ್ಟು ಸಣ್ಣವು.

“ಹೊಟ್ಟೆ ಕೆಟ್ಟಿರಬೇಕು ಬಿಡೇ,” ಅಂದರು ಅಮ್ಮ. “ಒಂದು ದಿನ ಲಂಘನ ಮಾಡ್ಲಿ, ತಾನೇ ಸರಿಹೋಗತ್ತೆ.”

ನಮ್ಮ ಮನೆಯಲ್ಲಿ ಜ್ವರ, ಅಜೀರ್ಣ, ಕೋಪ ಮೂರಕ್ಕೂ ಇದೇ ಔಷಧ. ಆದರೆ ಗಿನಿಯಿಲಿಗೆ ಲಂಘನವೇ ರೋಗ. ಅದರ ಕರುಳು ಎತ್ತಿನ ಗಾಣದ ಹಾಗೆ ಹಗಲೂ ರಾತ್ರಿ ತಿರುಗುತ್ತಿರಬೇಕು. ತಿರುಗಿಸುವುದು ಹುಲ್ಲಿನ ನಾರು. ಅರ್ಧ ದಿನ, ಒಂದು ದಿನ ತಿನ್ನದೆ ಹೋದರೆ ಗಾಣ ನಿಲ್ಲುತ್ತದೆ. ನಿಂತ ಕಡೆ ಗಾಳಿ ತುಂಬುತ್ತದೆ, ಗಾಳಿ ತುಂಬಿದರೆ ನೋವು, ನೋವಿದ್ದರೆ ತಿನ್ನುವುದಿಲ್ಲ. ವಾಂತಿ ಮಾಡಿ ಹಗುರಾಗೋಣವೆಂದರೆ ವಾಂತಿ ಮಾಡಲು ಬಾರದ ಜೀವ.

ಹತ್ತಿರದ ಪ್ರಾಣಿವೈದ್ಯರು ನಾಯಿ ನೋಡುವವರು. ಬಜ್ಜಿಯನ್ನು ಮೇಜಿನ ಮೇಲೆ ಇಟ್ಟುಕೊಂಡು ಒಂದು ನಿಮಿಷ ಸುಮ್ಮನೆ ನೋಡಿದರು. “ಇದಕ್ಕೆ ನಾನು ಕೈ ಹಾಕಲ್ಲಮ್ಮ. ನಾಯಿಗೆ ಕೊಡೋ ಅಮಾಕ್ಸಿಸಿಲಿನ್ನೇ ಇದಕ್ಕೆ ಕುಡಿಸಿದ್ರೆ ಸತ್ತೇ ಹೋಗಬಹುದು,” ಎಂದು ಊರಿನ ಇನ್ನೊಂದು ತುದಿಯ ಡಾಕ್ಟರ ವಿಳಾಸ ಬರೆದುಕೊಟ್ಟರು. ದುಡ್ಡೂ ತೆಗೆದುಕೊಳ್ಳಲಿಲ್ಲ. ಗೊತ್ತಿಲ್ಲ ಎನ್ನುವುದನ್ನು ಇಷ್ಟು ಸಲೀಸಾಗಿ ಹೇಳುವ ವೈದ್ಯರನ್ನು ಮನುಷ್ಯರ ಕಡೆಯೂ ನಾನು ಹೆಚ್ಚು ಕಂಡಿಲ್ಲ.

ಭಾನುವಾರ ಬೆಳಿಗ್ಗೆ ಸಿಕ್ಕ ಆ ಇನ್ನೊಬ್ಬರು ಸಣ್ಣ ಪ್ರಾಯದ ಹೆಂಗಸು. ಮೊದಲು ಹೊಟ್ಟೆ ಮುಟ್ಟಿ, ಬೆರಳಿನಿಂದ ತಟ್ಟಿ ನೋಡಿದರು, ಎಕ್ಸ್‌ರೇ ತೆಗೆಸಿದರು. ಹೊಟ್ಟೆ ತಮಟೆಯ ಹಾಗೆ ಬಿಗಿದಿದ್ದರೆ, ಅಥವಾ ಎಲ್ಲಾದರೂ ಕಟ್ಟಿಕೊಂಡಿದ್ದರೆ, ಬಾಯಿಗೆ ಏನೂ ತುರುಕಬಾರದಂತೆ. ಬಜ್ಜಿಯದು ಅಷ್ಟು ದೂರ ಹೋಗಿರಲಿಲ್ಲ. ಆಮೇಲೆ ಕಿವಿ ನೋಡುವ ದೀಪದ ಕೊಳವೆಯನ್ನು ಬಾಯೊಳಗೆ ಇಳಿಸಿ ನನಗೂ ತೋರಿಸಿದರು. ಗಿನಿಯಿಲಿಗೆ 20 ಹಲ್ಲು, ಇಪ್ಪತ್ತೂ ಸಾಯುವ ತನಕ ಬೆಳೆಯುತ್ತಲೇ ಇರುತ್ತವೆ. ಹುಲ್ಲು ಅರೆದು ಅರೆದೇ ಸವೆಯಬೇಕು. ಬಜ್ಜಿಯ ಕೆಳದವಡೆಯ ಹಲ್ಲುಗಳು ಒಳಕ್ಕೆ ಬಾಗಿ ನಾಲಗೆಯ ಮೇಲೆ ಸೇತುವೆ ಕಟ್ಟಲು ಹೊರಟಿದ್ದವು. ಸೌತೆಕಾಯಿ, ಕ್ಯಾರೆಟ್ಟು, ಅಂಗಡಿಯ ಗುಳಿಗೆ ತಿಂಡಿ ಎಂದು ಮುದ್ದು ಮಾಡಿ, ಒಣಹುಲ್ಲನ್ನು ಹಾಸಿಗೆ ಎಂದುಕೊಂಡಿದ್ದವರು ನಾವು.

ಹಲ್ಲು ತೇಯುವುದು ಮಂಗಳವಾರ. ನೋವಿಗೆ ಒಂದೆರಡು ಹನಿ ಔಷಧ ಕೊಟ್ಟರು. ಅಲ್ಲಿಯತನಕ ಗಾಣ ನಿಲ್ಲದ ಹಾಗೆ ನೋಡಿಕೊಳ್ಳುವ ಕೆಲಸ ನಮ್ಮದು.

ಏನು ತಿನ್ನಿಸುವುದು? ಮನೆಗೆ ಬರುವಷ್ಟರಲ್ಲಿ ಅಮ್ಮ ರಾಗಿ ಸರಿ ಕಾಯಿಸಿ, ಬಟ್ಟೆಯಲ್ಲಿ ಸೋಸಿ, ಬೆಚ್ಚಗೆ ಇಟ್ಟಿದ್ದರು. ಪಕ್ಕದಲ್ಲಿ ಅನ್ನದ ಗಂಜಿ. ಅದೂ ಬೇಡವಾದರೆ ಇರಲಿ ಎಂದು ಒಂದು ಲೋಟ ನೀರುಮಜ್ಜಿಗೆ. ನಾನೂ ದಾರಿಯಲ್ಲಿ ಮೆಡಿಕಲ್ ಶಾಪಿನ ಮುಂದೆ ಗಾಡಿ ನಿಲ್ಲಿಸಿ ಕೂಸುಗಳ ಹಿಟ್ಟಿನ ಡಬ್ಬಿಯ ಮೇಲೆ ಒಂದು ಕ್ಷಣ ಕಣ್ಣು ಹಾಕಿದ್ದೆ, ಸುಳ್ಳು ಹೇಳುವುದಿಲ್ಲ. ಡಾಕ್ಟರಿಗೆ ಫೋನ್ ಮಾಡಿ ಒಂದೊಂದೇ ಕೇಳಿದೆ. ರಾಗಿ? ಬೇಡ. ಗಂಜಿ? ಬೇಡ. ಹಾಲು, ಮಜ್ಜಿಗೆ? ಬೇಡವೇ ಬೇಡ. ಬಾಳೆಹಣ್ಣು ಕಿವುಚಿ? “ಮೇಡಂ, ಅದು ಮಗು ಅಲ್ಲ, ಸಣ್ಣ ಕುದುರೆ ಅಂದ್ಕೊಳ್ಳಿ.”

ಆ ಮಾತು ಬಿದ್ದ ಮೇಲೆ ನಮ್ಮ ಪಥ್ಯದ ಅಡುಗೆ ನನಗೆ ಬೇರೆಯಾಗಿ ಕಾಣತೊಡಗಿತು. ಅನ್ನವನ್ನು ಬೇಯಿಸಿ ಮಸೆಯುತ್ತೇವೆ, ಹೆಸರುಬೇಳೆಯ ಸಿಪ್ಪೆ ತೆಗೆಯುತ್ತೇವೆ, ಸಾರನ್ನು ಸೋಸುತ್ತೇವೆ, ರಾಗಿಯನ್ನು ನೆನೆಸಿ ರುಬ್ಬಿ ಹಿಂಡಿ ಹಾಲು ತೆಗೆಯುತ್ತೇವೆ. ಕಾಯಿಲೆಯವರಿಗೆ ಅಡುಗೆ ಎಂದರೆ ನಾರು ತೆಗೆಯುವುದು. ಬಜ್ಜಿಗೆ ಬೇಕಾದದ್ದು ನಾವು ಬಟ್ಟೆಯಲ್ಲಿ ಉಳಿಸಿ ಚೆಲ್ಲುವ ಆ ಚರಟ. ಅವಳ ದೊಡ್ಡ ಕರುಳಿನ ಬಾಯಲ್ಲೇ ಒಂದು ದೊಡ್ಡ ಚೀಲ, ಅದರ ತುಂಬ ನಾರು ತಿಂದು ಬದುಕುವ ಸೂಕ್ಷ್ಮಜೀವಿಗಳು. ಅಲ್ಲಿಗೆ ಗಂಜಿ ಸುರಿದರೆ ರಾತ್ರಿಯಿಟ್ಟ ದೋಸೆ ಹಿಟ್ಟಿನ ಹಾಗೆ ಉಕ್ಕುತ್ತದೆ. ಪಾತ್ರೆಯಾದರೆ ಮುಚ್ಚಳ ಎತ್ತಬಹುದು.

ಡಾಕ್ಟರು ಕೊಟ್ಟದ್ದು ಆಕ್ಸ್‌ಬೋ ಎಂಬ ಅಮೆರಿಕದ ಕಂಪನಿಯ ‘ಕ್ರಿಟಿಕಲ್ ಕೇರ್’ ಪುಡಿ. ಹೆಸರು ಕೇಳಿದರೆ ಐಸಿಯು ನೆನಪಾಗುತ್ತದೆ. ಬಿಚ್ಚಿದರೆ ಹುಲ್ಲಿನ ಮೆದೆಯ ವಾಸನೆ. ಟಿಮೊಥಿ ಎಂಬ ಹುಲ್ಲನ್ನು ಒಣಗಿಸಿ ಪುಡಿ ಮಾಡಿ, ಜೀವಸತ್ವ ಸೇರಿಸಿದ್ದು. ಹುಲ್ಲನ್ನು ಅರೆಯಲಾರದವಳಿಗೆ ಯಾರೋ ಅರೆದು ಕಳಿಸಿದ ಹುಲ್ಲು, ಅಷ್ಟೇ. ಒಂದಳತೆ ಪುಡಿಗೆ ಎರಡಳತೆ ಬೆಚ್ಚನೆಯ ನೀರು; ಅವಳ ತೂಕಕ್ಕೆ ದಿನಕ್ಕೆ ಹೆಚ್ಚುಕಡಿಮೆ 50 ಮಿ.ಲೀ., ಐದಾರು ಸಲಕ್ಕೆ ಹಂಚಿ.

ಇದರಲ್ಲೂ ರುಚಿಯ ಆಯ್ಕೆ ಇದೆ. ಅವರಲ್ಲಿ ಇದ್ದದ್ದು ಸೋಂಪಿನ ಪರಿಮಳದ್ದು. ಅಮ್ಮ ಮೂಸಿ, “ಊಟ ಆದ್ಮೇಲೆ ಕೊಡೋದನ್ನ ಊಟಕ್ಕೇ ಹಾಕಿದಾರಲ್ಲ,” ಅಂದರು. ಬಜ್ಜಿಗೂ ಹಾಗೇ ಅನ್ನಿಸಿರಬೇಕು, ಉಗಿದಳು. ಸೇಬು-ಬಾಳೆಯ ಪರಿಮಳದ್ದು ತರಿಸೋಣವೆಂದರೆ ಎರಡು ದಿನ. ಅವಳಿಗೆ ಎರಡು ದಿನ ಎಲ್ಲಿತ್ತು? ಡಾಕ್ಟರೇ ಹೇಳಿದ ನಡುದಾರಿ ಹಿಡಿದೆವು: ಅವಳು ದಿನಾ ತಿನ್ನುವ ಗುಳಿಗೆ ತಿಂಡಿಯನ್ನೇ ಬಿಸಿನೀರಿನಲ್ಲಿ ನೆನೆಸಿ, ನುಣ್ಣಗೆ ಮಾಡಿ, ಈ ಪುಡಿಯೊಳಗೆ ಬೆರೆಸುವುದು. ಪರಿಚಯದ ವಾಸನೆ ಮುಂದೆ, ಔಷಧದ ವಾಸನೆ ಹಿಂದೆ. ಮಿಕ್ಸಿಯ ಚಟ್ನಿ ಜಾರ್ ಅವತ್ತಿನಿಂದ ಅಡುಗೆಮನೆ ಬಿಟ್ಟಿತು. ಅಮ್ಮ ಅದನ್ನು ಮತ್ತೆ ಒಳಗೆ ಬಿಟ್ಟುಕೊಂಡಿಲ್ಲ.

ಮೇಲೆ ಸಿ ಜೀವಸತ್ವದ ಹನಿ. ನಮ್ಮ ಹಾಗೆಯೇ ಇವಕ್ಕೂ ಅದನ್ನು ಮೈಯಲ್ಲಿ ತಯಾರಿಸಿಕೊಳ್ಳಲು ಬರುವುದಿಲ್ಲ. 1907ರಲ್ಲಿ ನಾರ್ವೆಯ ಹೋಲ್ಸ್ಟ್ ಮತ್ತು ಫ್ರೋಲಿಕ್ ಎಂಬಿಬ್ಬರು ಬೆರಿಬೆರಿ ರೋಗ ತರಿಸಿ ನೋಡಲು ಗಿನಿಯಿಲಿಗಳಿಗೆ ಬರೀ ಧಾನ್ಯ ತಿನ್ನಿಸಿದರು. ಬಂದದ್ದು ನಾವಿಕರನ್ನು ಕಾಡುತ್ತಿದ್ದ ಸ್ಕರ್ವಿ. ಸೊಪ್ಪು ಹಣ್ಣುಗಳಲ್ಲಿ ಏನೋ ಇದೆ ಎನ್ನುವುದಕ್ಕೆ ಅಲ್ಲಿ ಬಲ ಸಿಕ್ಕಿತು. ಇದನ್ನು ಓದಿ ಹೇಳಿದಾಗ ಅಮ್ಮ ರಾಗಿ ಸರಿಯ ಬಟ್ಟಲನ್ನು ಮೆಲ್ಲಗೆ ನನ್ನ ಕಡೆ ತಳ್ಳಿದರು. ರಾತ್ರಿಯೆಲ್ಲ ನಿದ್ದೆಯಿಲ್ಲದವಳು ನಾನು. ಬೆಲ್ಲ ಹಾಕಿಕೊಂಡು ಕುಡಿದೆ.

ತಿನ್ನಿಸುವುದಕ್ಕೆ ಮಾತ್ರ ಯಾವ ಪೊಟ್ಟಣದ ಮೇಲಿನ ಬರಹವೂ ಸಾಲದು. ಹಳೆಯ ಟವೆಲಿನಲ್ಲಿ ಹೋಳಿಗೆಯ ಹೂರಣದಂತೆ ಸುತ್ತಿ ಮಡಿಲಲ್ಲಿಟ್ಟುಕೊಳ್ಳಬೇಕು. 1 ಮಿ.ಲೀ. ಸಿರಿಂಜಿನ ಬಾಯಿಗೆ ನಾರು ಸಿಕ್ಕಿಕೊಂಡು, ಒತ್ತಿದರೆ ಪಚಕ್ಕೆಂದು ನನ್ನ ಕನ್ನಡಕಕ್ಕೇ ಹಾರುತ್ತಿತ್ತು. ತುದಿ ಕತ್ತರಿಸಿ, ಅಂಚನ್ನು ಮರಳುಕಾಗದದಲ್ಲಿ ಉಜ್ಜಿ ನಯ ಮಾಡಿದ ಮೇಲೆ ಸರಿಹೋಯಿತು. ಎದುರಿನಿಂದ ಕೊಡಬಾರದು. ಮುಂದಿನ ಹಲ್ಲಿನ ಹಿಂದೆ ಪಕ್ಕದಲ್ಲಿ ಒಂದು ಖಾಲಿ ಜಾಗವಿದೆ, ಅಲ್ಲಿಂದ ಒಂದು ಹನಿಗಿಂತ ಚೂರು ಹೆಚ್ಚು. ಆಮೇಲೆ ಕಾಯಬೇಕು. ಕೆಳತುಟಿ ನಡುಗುತ್ತದೆ, ದವಡೆ ಒಮ್ಮೆ ಅಡ್ಡಕ್ಕೆ ಸರಿಯುತ್ತದೆ, ನಿಲ್ಲುತ್ತದೆ, ಇನ್ನೊಮ್ಮೆ ಸರಿಯುತ್ತದೆ. ನುಂಗಿದ್ದು ಖಾತ್ರಿಯಾಗದೆ ಮುಂದಿನದು ಕೊಟ್ಟರೆ ಉಸಿರಿನ ದಾರಿಗೆ ಹೋಗುತ್ತದೆ. 10 ಮಿ.ಲೀ.ಗೆ ಮುಕ್ಕಾಲು ಗಂಟೆ. ಅಷ್ಟರಲ್ಲಿ ಅವಳಿಗೆ ಹಸಿರು ಗಡ್ಡ, ನನಗೆ ಹಸಿರು ಸೀರೆ. ಮಗಳು ಎದುರಿಗೆ ಕೂತು, “ಇದು ಅಜ್ಜಿದು... ಇದು ಬೋಂಡಂದು...” ಎಂದು ತುತ್ತು ಲೆಕ್ಕ ಮಾಡುತ್ತಿದ್ದಳು, ಅವಳಿಗೆ ನಾನು ಹಾಗೆಯೇ ಉಣ್ಣಿಸಿದ್ದು.

ಅಡುಗೆಯ ತಕ್ಕಡಿಯಲ್ಲಿ ದಿನಾ ಬೆಳಿಗ್ಗೆ ತೂಕ. ಚೆನ್ನಾಗಿದ್ದಾಗ 860 ಗ್ರಾಂ, ಭಾನುವಾರ 798, ಹಲ್ಲು ತೇಯಿಸಿದ ಮರುದಿನ 771. ಹಲ್ಲು ಸರಿಯಾದರೂ ಬಾಯಿ ನೋವು ಹೋಗಲು ದಿನ ಬೇಕು. ಅಷ್ಟರಲ್ಲಿ ಸೇಬು-ಬಾಳೆಯ ಪುಡಿಯೂ ಬಂತು. ಅದಕ್ಕೆ ಅವಳು ಉಗಿಯಲಿಲ್ಲ. ಹಾಗೆಂದು ಖುಷಿಯೂ ಪಡಲಿಲ್ಲ.

ಗುರುವಾರ ಅಮ್ಮ ಗಾಂಧಿ ಬಜಾರಿನಿಂದ ಎರಡು ಕಟ್ಟು ಗರಿಕೆ ತಂದರು. ಒಂದು ಗಣಪತಿಗೆ. ಅನಲಾಸುರನನ್ನು ನುಂಗಿ ಹೊಟ್ಟೆಯುರಿ ತಾಳಲಾರದ ಗಣಪನಿಗೆ ಋಷಿಗಳು 21 ಗರಿಕೆ ಕೊಟ್ಟು ಸಮಾಧಾನ ಮಾಡಿದ ಕಥೆಯನ್ನು ಮೊಮ್ಮಗಳಿಗೆ ಹೇಳುತ್ತ, ಎರಡನೆಯ ಕಟ್ಟನ್ನು ಮೂರು ನೀರಿನಲ್ಲಿ ತೊಳೆದು ಪಂಜರದ ಬಾಗಿಲಲ್ಲಿಟ್ಟರು. ಬೋಂಡ ಅರ್ಧ ಕಟ್ಟು ಮುಗಿಸಿದ. ಬಜ್ಜಿ ಒಂದೇ ಒಂದು ಎಸಳಿನ ತುದಿಯನ್ನು ಬಾಯಿಗಿಟ್ಟುಕೊಂಡು ಬಹಳ ಹೊತ್ತು ಹಾಗೇ ಕೂತಿದ್ದಳು. ಎಸಳು ನಿಧಾನವಾಗಿ ಗಿಡ್ಡವಾಗುತ್ತಿತ್ತು.

ಶುಕ್ರವಾರ ಆಫೀಸಿನಲ್ಲಿ ಮೀಟಿಂಗು. ಫೋನ್ ಎರಡು ಸಲ ಬಡಿದುಕೊಂಡಿತು, ಮೂರನೆಯ ಸಲ ಹೊರಗೆ ಬಂದು ಎತ್ತಿದೆ.

“ಹಾಕಿದಾಳೆ ಕಣೇ,” ಅಂದರು ಅಮ್ಮ. “ಎಣಿಸಿದೆ. ಹತ್ತೊಂಬತ್ತು. ಎಲ್ಲ ದಪ್ಪದಪ್ಪಕ್ಕಿದೆ. ನೀನು ಬರೋ ತನಕ ಗುಡಿಸಲ್ಲ, ನೋಡ್ಕೋ.”